ಪರಮೇಶಿಯ ಕೇಸು ಹುಡುಕಿದ್ದು

ನನಗೊಂದು ಕೆಟ್ಟ ಚಾಳಿಯಿದೆ. ಮನುಷ್ಯರ ಮಾತಿಗಿಂತ ಕಾಗದವನ್ನು ಹೆಚ್ಚು ನಂಬುತ್ತೇನೆ. ಇದು ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಅಂಟಿಕೊಂಡದ್ದು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದವಳು ನಾನು. ನಿನ್ನೆ ಯಾಕೆ ಬರಲಿಲ್ಲ ಎಂದು ಮಕ್ಕಳನ್ನು ಕೇಳಿದರೆ ಒಬ್ಬನಿಗೆ ಜ್ವರ, ಒಬ್ಬನಿಗೆ ಅಜ್ಜಿ ಸತ್ತದ್ದು. ಹಾಜರಿ ಪುಸ್ತಕ ತೆಗೆದು ನೋಡಿದರೆ ಅದೇ ಅಜ್ಜಿ ಆ ವರ್ಷ ಅದಾಗಲೇ ಎರಡು ಸಲ ಸತ್ತಿರುತ್ತಿದ್ದಳು. ಹಾಗಾಗಿ ಬಾಯಿಬಿಟ್ಟು ಕೇಳುವುದನ್ನೇ ಬಿಟ್ಟು ನೇರ ರಿಜಿಸ್ಟರಿಗೆ ಕೈ ಹಾಕುವುದು ರೂಢಿಯಾಗಿಹೋಯಿತು. ನಿವೃತ್ತಿಯಾದ ಮೇಲೂ ಈ ರೂಢಿ ಹೋಗಲಿಲ್ಲ. ಔಷಧಿ ತಗೊಂಡೆ ಎಂದು ನಮ್ಮನೆಯವರು ಹೇಳಿದರೆ ನಾನು ಉಳಿದ ಗುಳಿಗೆ ಎಣಿಸಿ ನೋಡುತ್ತೇನೆ. ಪಾಪ, ಅವರು ಅಭ್ಯಾಸ ಮಾಡಿಕೊಂಡಿದ್ದಾರೆ.

ಶಿರಸಿಯ ನಮ್ಮ ಬಡಾವಣೆಯ ಶಾಲೆಯೊಂದರ ಸಮಿತಿಯಲ್ಲಿ ನಾನೂ ಒಬ್ಬಳು. ಈ ವರ್ಷ ಶಾಲೆಗೆ ವ್ಯಾನು ಬಂತು, ಡ್ರೈವರ್ ಬೇಕಾಯಿತು. ನಾನು ಯಾರನ್ನೂ ಬಾಯಿ ತೆರೆಯಲು ಬಿಡದೆ ಪರಮೇಶಿಯ ಹೆಸರು ಹೇಳಿದೆ. ಪರಮೇಶಿ ಭೈರುಂಬೆ ಕಡೆಯವನು, ನಾಲ್ಕನೇ ಇಯತ್ತೆಯಲ್ಲಿ ನನ್ನ ಕೈಕೆಳಗೆ ಕಲಿತವನು. ನಮ್ಮನೆಯವರ ಕಣ್ಣು ಮಂಜಾದ ಮೇಲೆ ನಮ್ಮ ಕಾರು ಹೊರಗೆ ತೆಗೆಯಬೇಕೆಂದರೆ ಅವನೇ ಬರಬೇಕು. ಉಳಿದ ದಿನ ಅವರಿವರ ಗಾಡಿ ಓಡಿಸಿ ಸಂಸಾರ ನಡೆಸುತ್ತಾನೆ. ಇವತ್ತು ಕೆಲಸ ಉಂಟು, ನಾಳೆ ಇಲ್ಲ. ಶಾಲೆಯ ವ್ಯಾನು ಸಿಕ್ಕಿದರೆ ತಿಂಗಳ ಸಂಬಳ, ಮಗಳನ್ನು ಕಾಲೇಜಿಗೆ ಕಳಿಸಬಹುದು ಎಂದು ಅವನ ಹೆಂಡತಿ ಆಗಲೇ ಆಸೆ ಕಟ್ಟಿಕೊಂಡಿದ್ದಳು.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅಕ್ಕೋರೆ, ಅವನ ಮೇಲೆ ಕುಡಿದು ಗಾಡಿ ಓಡಿಸಿದ ಕೇಸು ಆಗಿತ್ತು ಅಂತ ಯಾರೋ ಹೇಳಿದ್ರು. ಎಲ್ಲಿ, ಯಾವಾಗ ಗೊತ್ತಿಲ್ಲ. ಮಕ್ಕಳ ವಿಷಯ ನೋಡಿ" ಎಂದರು. ನನಗೆ ಮೈಯೆಲ್ಲ ಉರಿಯಿತು. "ಅವನನ್ನು ಚಡ್ಡಿ ಹಾಕುವಾಗಿನಿಂದ ಬಲ್ಲೆ. ಅಂಥ ಕೇಸು ಇಲ್ಲ ಅಂತ ಕೋರ್ಟಿನ ದಾಖಲೆ ನೋಡಿಯೇ ಮುಂದಿನ ಸಭೆಗೆ ಬರುತ್ತೇನೆ. ಇದ್ದರೆ ನಾನೇ ಅವನ ಹೆಸರು ಹೊಡೆದು ಹಾಕುತ್ತೇನೆ" ಎಂದುಬಿಟ್ಟೆ. ಸಭೆಗೆ ಹತ್ತು ದಿನವಿತ್ತು.

ಮನೆಯಲ್ಲಿ ಹೇಳಿದಾಗ ನಮ್ಮನೆಯವರು ಪೇಪರಿನಿಂದ ತಲೆಯೆತ್ತದೆ, "ಅವನ್ನೇ ಒಂದು ಮಾತು ಕೇಳಲಾಗ್ತಿಲ್ಯ?" ಎಂದರು. "ನಿಮ್ಗೆ ಗೊತ್ತಾಗ್ತಿಲ್ಲೆ, ಸುಮ್ನಿರಿ" ಎಂದೆ. ನಲವತ್ತು ವರ್ಷದ ಸಂಸಾರದಲ್ಲಿ ಅವರು ಹೇಳಿದ ಸರಿಯಾದ ಮಾತುಗಳಿಗೆಲ್ಲ ನಾನು ಕೊಟ್ಟ ಉತ್ತರ ಇದೇ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ಕೋರ್ಟಿನ ದಾಖಲೆಗಳೆಲ್ಲ ಈಗ ಅದರಲ್ಲೇ ಸಿಗುತ್ತವಂತೆ. ಅದು ಜಿಲ್ಲೆ ಕೇಳಿತು, ಹೇಳಿದೆ. ಯಾವ ಊರಿನ ಕೋರ್ಟು, ಯಾವ ವರ್ಷ ಎಂದಿತು. ಅದು ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಎಂದು ಬೈದೆ. ಕೊನೆಗೆ ನಾನು ಮನುಷ್ಯಳೇ ಹೌದೋ ಅಲ್ಲವೋ ನೋಡಲು ಸೊಟ್ಟಪಟ್ಟ ಅಕ್ಷರ ತೋರಿಸಿ ಬರೆಯಲು ಹೇಳಿತು. ಎಷ್ಟೋ ಮಕ್ಕಳ ಕೈಬರಹ ತಿದ್ದಿದ ನಾನು ಮೂರು ಸಲ ಬರೆದು ಮೂರು ಸಲವೂ ನಪಾಸಾದೆ.

ಹಾಗಾದರೆ ಕೋರ್ಟಿಗೇ ಹೋಗುವುದು ಎಂದುಕೊಂಡೆ. ಶಿರಸಿಯ ಕೋರ್ಟಿಗೆ ನಡೆದೇ ಹೋದೆ. ಆರೋಪಿ ಇಲ್ಲಿಯವನಾದ ಮೇಲೆ ಕೇಸೂ ಇಲ್ಲೇ ಇರಬೇಕಲ್ಲ, ಶಾಲೆಯ ದಾಖಲಾತಿಯ ಹಾಗೆ. ಅಲ್ಲಿಯ ಗುಮಾಸ್ತರು ಹುಡುಕಿ, ಇಲ್ಲಿ ಇಲ್ಲ ಎಂದರು. "ಅಕ್ಕೋರೆ, ಇಂಥ ಕೇಸು ಆರೋಪಿಯ ಊರಲ್ಲಿ ಇರೂದಿಲ್ಲ. ಎಲ್ಲಿ ಸಿಕ್ಕಿಬಿದ್ದನೋ ಅಲ್ಲಿಯ ಕೋರ್ಟಿನಲ್ಲಿ. ಸಿದ್ದಾಪುರ, ಯಲ್ಲಾಪುರ ನೋಡಿ" ಎಂದು ಸಮಾಧಾನವಾಗಿ ತಿಳಿಸಿದರು.

ಈಗ ಒಂದು ತೊಡಕು ಬಂತು. ಸಿದ್ದಾಪುರಕ್ಕೆ ಹೋಗಬೇಕು. ಬಸ್ಸು ನನ್ನ ಮೊಣಕಾಲಿಗೆ ಆಗದು. ಕಾರು ತೆಗೆಯಬೇಕೆಂದರೆ ಪರಮೇಶಿ ಬರಬೇಕು. ಓದುಗರು ನಗಬಾರದು, ನಾನು ಪರಮೇಶಿಗೇ ಫೋನು ಮಾಡಿದೆ. ಜಮೀನಿನ ಹಳೆಯ ತಕರಾರು, ವಕೀಲರನ್ನು ಕಾಣಬೇಕು ಎಂದು ಸುಳ್ಳು ಹೇಳಿದೆ. ಅವನು "ಹ್ಞೂಂ ಅಕ್ಕೋರೆ" ಎಂದ. ಹೀಗೆ ಅವನ ಕೇಸನ್ನು ಹುಡುಕಲು ಅವನೇ ನನ್ನನ್ನು ಕರೆದುಕೊಂಡು ಹೋದ. ದಾರಿಯಲ್ಲಿ ಗುಂಡಿ ಬಂದಲ್ಲೆಲ್ಲ ನನ್ನ ಮೊಣಕಾಲು ನೆನೆದು ನಿಧಾನ ಮಾಡಿದ.

ಸಿದ್ದಾಪುರದ ಕೋರ್ಟಿನ ಹೊರಗೆ ಒಬ್ಬ ವಕೀಲರು ಸಿಕ್ಕರು. ಕುಡಿದು ಗಾಡಿ ಓಡಿಸಿದ ಕೇಸುಗಳ ದಾಖಲೆ ಎಲ್ಲಿ ಸಿಗುತ್ತದೆ ಎಂದು ತಗ್ಗಿದ ದನಿಯಲ್ಲಿ ಕೇಳಿದೆ. ಅವರು ನನ್ನ ಕೊರಳಿನ ಮಂಗಳಸೂತ್ರ ನೋಡಿ, ಮುಖ ನೋಡಿ, ಕನಿಕರದಿಂದ, "ಯಜಮಾನರಿಗೆ ಹೆದರಬೇಡಿ ಅಂತ ಹೇಳಿ ಅಮ್ಮ. ಮೊದಲ ಸಲ ಆದರೆ ಸಾಮಾನ್ಯವಾಗಿ ದಂಡ ಕಟ್ಟಿಸಿ ಬಿಡ್ತಾರೆ" ಎಂದರು. ಆ ಮಾತು ಅಲ್ಲಿ ಯಾರ ಕಿವಿಗೆ ಬಿತ್ತೋ, ಎರಡೇ ದಿನದಲ್ಲಿ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಯಜಮಾನರ ಆರೋಗ್ಯ ವಿಚಾರಿಸತೊಡಗಿದರು. ಒಬ್ಬರಂತೂ ಚಟ ಬಿಡಿಸುವ ಕಷಾಯ ತಂದುಕೊಟ್ಟರು. ಹಬ್ಬದ ದಿನ ಎರಡು ಲೋಟ ಪಾನಕ ಕುಡಿದರೆ ಹೊಟ್ಟೆ ಹಿಡಿದುಕೊಳ್ಳುವ ನಮ್ಮನೆಯವರು ಎಂತಕ್ಕೆಂದು ಕೇಳದೆ ಅದನ್ನೂ ಕುಡಿದರು.

ಸಿದ್ದಾಪುರದಲ್ಲೂ ಏನೂ ಸಿಗಲಿಲ್ಲ. ನನಗೆ ಒಳಗೊಳಗೇ ಹಿಗ್ಗು. ಉಳಿದದ್ದು ಯಲ್ಲಾಪುರ. ಅದನ್ನೂ ಮುಗಿಸಿದರೆ ಅಧ್ಯಕ್ಷರ ಮುಂದೆ ತಲೆಯೆತ್ತಿ ಕೂರಬಹುದು. ಮತ್ತೆ ಪರಮೇಶಿಯನ್ನು ಕರೆದೆ, ಮತ್ತೆ ಜಮೀನಿನ ಕಥೆ ಹೇಳಿದೆ. ಆ ದಿನ ಅವನು ಯಾರನ್ನೂ ದಾರಿ ಕೇಳದೆ ನೇರ ಕೋರ್ಟಿಗೇ ಬಂದ. ಕೋರ್ಟಿನ ಗೇಟಿನಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆದು, ನನ್ನ ಕೋಲು ಕೈಗೆ ಕೊಟ್ಟ. ಆಮೇಲೆ ನೆಲ ನೋಡುತ್ತ, "ಬಲಗಡೆ ಮೂರನೇ ಕೋಣೆ ಅಕ್ಕೋರೆ. ಊಟದ ಹೊತ್ತಿನ ಒಳಗೆ ಹೋಗಿ, ಆಮೇಲೆ ಅವರು ಸಿಗೂದಿಲ್ಲ" ಎಂದ.

ನನಗೆ ಹೋಗುವುದೋ ಬಿಡುವುದೋ ತಿಳಿಯಲಿಲ್ಲ. ಆದರೂ ಹೋದೆ. ಹೇಳಿದೆನಲ್ಲ, ಚಾಳಿ.

ಅಲ್ಲಿಯ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಹೆಸರು ಹೊಡೆದ ಕೂಡಲೇ ಕೇಸು ಬಂತು. ಪರಮೇಶಿಯದೇ. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ದಂಡ ಕಟ್ಟಿದ್ದಾನೆ ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ ಕಾರಿನ ನಂಬರ್ ಇತ್ತು. ನಮ್ಮ ಕಾರಿನದು. ತಾರೀಕು ನೋಡಿದೆ. ಹೋದ ವರ್ಷ ಯಲ್ಲಾಪುರದಲ್ಲಿ ನಮ್ಮ ನಾದಿನಿಯ ಮಗಳ ನಿಶ್ಚಿತಾರ್ಥವಾದ ಭಾನುವಾರ. ಅಲ್ಲಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ.

ಆ ದಿನ ಎಲ್ಲ ನೆನಪಾಯಿತು. ಬೆಳಿಗ್ಗೆ ಫೋನು ಮಾಡಿದಾಗ ಅವನು, "ಇವತ್ತು ಬೇಡ ಅಕ್ಕೋರೆ. ಮನೇಲಿ ಹರಕೆ ಊಟ, ನೆಂಟರು ಬಂದಾರೆ. ಬೇರೆಯವರನ್ನು ನೋಡಿ" ಎಂದಿದ್ದ. ನಾನು, "ಊಟ ಮುಗಿಸಿಕೊಂಡೇ ಬಾ, ನಾಲ್ಕು ಗಂಟೆಗೆ ಮುಹೂರ್ತ, ನನಗೆ ಬೇರೆ ಯಾರು ಗೊತ್ತಿದಾರೆ" ಎಂದಿದ್ದೆ. ಆಗಲೂ ಬೇಡವೆಂದ. ಆಗ ನಾನು ತರಗತಿಯ ದನಿ ತೆಗೆದೆ. ಅವನು ಬಂದ. ಬಾಯಲ್ಲಿ ಲವಂಗ ಇಟ್ಟುಕೊಂಡು, ಎಲ್ಲ ಗಾಜು ಇಳಿಸಿಕೊಂಡು ಓಡಿಸಿದ. ಲವಂಗದ ಜೊತೆ ಇನ್ನೊಂದು ವಾಸನೆಯೂ ಬಂದಿತ್ತು. ಬಂದಿರಲಿಲ್ಲ ಎಂದರೆ ಶುದ್ಧ ಸುಳ್ಳು. ಮುಹೂರ್ತ ತಪ್ಪುತ್ತದೆ ಎಂದು ನಾನು ಮೂಗಿಗೆ ಸೆರಗು ಹಿಡಿದು ಕುಳಿತಿದ್ದೆ. ರಾತ್ರಿ ನಾವು ಅಲ್ಲೇ ಉಳಿಯುವವರು, ನೀನು ಕಾರು ತಗೊಂಡು ಹೋಗಿ ನಾಳೆ ಬಾ ಎಂದು ಕಳಿಸಿದವಳೂ ನಾನೇ. ಯಲ್ಲಾಪುರ ದಾಟುವ ಮೊದಲೇ ಪೊಲೀಸರು ಹಿಡಿದಿರಬೇಕು. ಮರುದಿನ ಬ್ರೇಕು ಹಿಡಿಯುತ್ತಿಲ್ಲ, ಕಾರು ಗ್ಯಾರೇಜಿನಲ್ಲಿದೆ ಎಂದು ಫೋನು ಮಾಡಿದ. ನಾವು ಬಸ್ಸಿನಲ್ಲಿ ಬಂದೆವು, ಬಂದವಳೇ ಅವನನ್ನು ಹಿಗ್ಗಾಮುಗ್ಗಾ ಬೈದೆ. ಆಮೇಲೆ ಮೂರು ತಿಂಗಳು ಸೊಂಟನೋವು, ಗಾಡಿ ಓಡಿಸಲಾಗದು ಎಂದ. ಅಷ್ಟು ದಿನ ಲೈಸನ್ಸು ಅಮಾನತಾಗಿತ್ತು ಎಂದು ನನಗೇನು ಗೊತ್ತು? ನಾನು ಅವನಿಗೆ ಯೋಗಾಸನ ಹೇಳಿಕೊಟ್ಟಿದ್ದೆ, ಅವನು ನಮ್ಮ ಜಗಲಿಯಲ್ಲಿ ಮಲಗಿ ಅದನ್ನು ಮಾಡಿಯೂ ತೋರಿಸಿದ್ದ.

ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಅವನು ಕಾರು ಹೊರಡಿಸಲಿಲ್ಲ.

"ಯಾಕೋ ಹೇಳಲಿಲ್ಲ?"

"ಅಕ್ಕೋರ ಕಾರು ಪೊಲೀಸ್ ಠಾಣೆಯಲ್ಲಿ ನಿಂತಿತ್ತು ಅಂತ ಊರಲ್ಲಿ ಆಗೂದು ಬೇಡ ಅಂತ. ತಪ್ಪು ನಂದೇ. ಕುಡಿದಿದ್ದು ನಾನು. ಆವತ್ತಿಂದ ಮುಟ್ಟಲಿಲ್ಲ."

"ಬೇಡ ಅಂದವನು ಮತ್ತೆ ಯಾಕೆ ಬಂದೆ?"

"ನೀವು ಕರೆದ್ರಲ್ಲ" ಎಂದ.

ನನಗೆ ಅಳು ಬಂತು. ಅತ್ತೂಬಿಟ್ಟೆ. ಆ ದಿನ ದಾರಿಯಲ್ಲಿ ಒಂದು ದನವೋ ಮಗುವೋ ಅಡ್ಡ ಬಂದಿದ್ದರೆ ಎಂದು ನೆನೆದು ಹೆದರಿಕೆಯೂ ಆಯಿತು.

ಸಭೆಯ ದಿನ ಅಧ್ಯಕ್ಷರು, "ದಾಖಲೆ ಸಿಕ್ಕಿತೇ?" ಎಂದು ಕೇಳಿದರು. ಸಿಕ್ಕಿತು ಎಂದೆ. ಕೇಸು ಇದೆ, ಕಾರು ನನ್ನದು, ಕರೆದವಳು ನಾನು, ವಾಸನೆ ಬಂದರೂ ಕುಳಿತವಳು ನಾನು ಎಂದು ಒಂದೂ ಬಿಡದೆ ಒಪ್ಪಿಸಿದೆ. ಅವನ ಹೆಸರು ಹೊಡೆದು ಹಾಕುವುದಾದರೆ ಸಮಿತಿಯಿಂದ ನನ್ನ ಹೆಸರನ್ನೂ ಹೊಡೆದು ಹಾಕಿ ಎಂದೆ. ಆವತ್ತಿಂದ ಅವನು ಮುಟ್ಟಿಲ್ಲ ಎಂಬುದನ್ನೂ ಸೇರಿಸಿದೆ. ಕೊನೆಗೆ ಅಧ್ಯಕ್ಷರು ಒಂದು ಶರತ್ತು ಹಾಕಿದರು. ಪರಮೇಶಿ ವ್ಯಾನು ಓಡಿಸಲಿ, ಆದರೆ ದಿನಾ ಬೆಳಿಗ್ಗೆ ಹೊರಡುವ ಮೊದಲು ಒಬ್ಬರು ಅವನ ಬಾಯಿ ಮೂಸಿ ನೋಡಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಎಲ್ಲರೂ ನನ್ನ ಕಡೆ ನೋಡಿದರು. ಹಾಗಾಗಿ ಈಗ ದಿನಾ ಏಳೂವರೆಗೆ ನಾನು ವ್ಯಾನಿನ ಹತ್ತಿರ ನಿಲ್ಲುತ್ತೇನೆ. ಅವನು ಬಗ್ಗಿ "ಹಾ" ಎನ್ನುತ್ತಾನೆ, ನಾನು ಸಹಿ ಹಾಕುತ್ತೇನೆ. ಮಕ್ಕಳಿಗೆ ಇದು ಯಾವುದೋ ಪೂಜೆ ಎಂಬ ನಂಬಿಕೆ.

ಮೊನ್ನೆ ಭಾನುವಾರ ಸಿದ್ದಾಪುರದಲ್ಲಿ ಒಂದು ಗೃಹಪ್ರವೇಶವಿತ್ತು. ಎಂದಿನಂತೆ ಪರಮೇಶಿಗೆ ಫೋನು ಹಚ್ಚಿದೆ. "ಇವತ್ತು ಆಗೂದಿಲ್ಲ ಅಕ್ಕೋರೆ" ಎಂದ. ಯಾಕೋ ಎಂಬ ಮಾತು ತರಗತಿಯ ದನಿಯಲ್ಲೇ ಗಂಟಲಿನವರೆಗೆ ಬಂತು. ಅದನ್ನು ನುಂಗಿ, "ಆಗ್ಲಿ ತಮ್ಮಾ" ಎಂದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಸಿದ್ದಾಪುರದವರೆಗೂ ನಿಂತುಕೊಂಡೇ ಹೋದೆ.