ಬಚ್ಚಲಿಗೆ ಎರಡನೇ ದಾರಿ

ಊರಿನ ಗೀಸರ್‌ಗಳನ್ನೆಲ್ಲ ರಿಪೇರಿ ಮಾಡುವವನ ಮನೆಯಲ್ಲೇ ತಣ್ಣೀರು ಅಂದರೆ ಯಾರಾದರೂ ನಗುತ್ತಾರೆ. ನಗಲಿ. ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ಇಟ್ಟಾಗಿನಿಂದ ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಈ ಸಲ ಮಾತ್ರ ನನಗೆ ನಗು ಬರಲಿಲ್ಲ. ಅಪ್ಪ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಕಲ್ಲಿನ ಧೂಳು ಕುಡಿದವರು. ತಣ್ಣೀರು ಮೈಮೇಲೆ ಬಿದ್ದರೆ ಉಸಿರು ಕಟ್ಟುತ್ತದೆ. ಸೌದೆ ಹಂಡೆ ಹಚ್ಚಿದರೆ ಹೊಗೆಗೆ ಇನ್ನಷ್ಟು ಕಟ್ಟುತ್ತದೆ. "ಈ ಚಳಿಗಾಲ ದಾಟಿಸಿಬಿಡಿ" ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಹೊರಗೆ ಕರೆದು ಹೇಳಿದರು ಅಂದಮೇಲೆ ಅರ್ಥವಾಯಿತಲ್ಲ. ಅದೇ ವಾರ ನಮ್ಮ ಮನೆಯ ಗೀಸರ್ ಕೆಟ್ಟಿತು.

ಕಲ್ಲಿನ ಪರೀಕ್ಷೆ

ಬಿಚ್ಚಿ ನೋಡಿದರೆ ಟ್ಯಾಂಕು ತೂತು. ಕಾಯಿಲ್ ಸುತ್ತ ಬೋರ್‌ವೆಲ್ ನೀರಿನ ಸುಣ್ಣ ಕಲ್ಲಾಗಿ ಕಟ್ಟಿಕೊಂಡಿತ್ತು. ಇಷ್ಟು ದಿನ ನಾವು ನೀರು ಕಾಯಿಸುತ್ತಿರಲಿಲ್ಲ, ಕರೆಂಟು ಸುಟ್ಟು ಕಲ್ಲು ಕಾಯಿಸುತ್ತಿದ್ದೆವು. ಅಪ್ಪ ಅದರಲ್ಲೊಂದು ಚೂರು ಎತ್ತಿಕೊಂಡು, ಗಣಿಯಲ್ಲಿ ಚಿನ್ನ ಹುಡುಕುವಂತೆ ಎಂಜಲು ಹಚ್ಚಿ, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರಾಗೆ ಏನೂ ಇಲ್ಲ ಕಣ್ಲಾ. ಮುಚ್ಚಾಕು."

ಸರ್ಕಾರದವರು ಇಡೀ ಗಣಿಯನ್ನೇ ಈ ಮಾತು ಹೇಳಿ ಮುಚ್ಚಿದ್ದರು. ನಮ್ಮ ಗೀಸರ್ ಯಾವ ಲೆಕ್ಕ!

ಎದುರುಮನೆಯ ಸೋಲಾರ್

"ಕರೆಂಟೇ ವೇಂಡಾ ತಂಬಿ, ಸೋಲಾರ್ ಹಾಕ್ಸು" ಅಂದರು ಎದುರುಮನೆಯ ತಮಿಳು ಅಕ್ಕ. ನಮ್ಮದು ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ಆಳುಗಳಿಗೆಂದು ಸಾಲಾಗಿ ಕಟ್ಟಿದ ಹಳೇ ಲೈನ್ ಮನೆ, ಮೇಲೆ ಶೀಟು. ಬೆಕ್ಕು ನಡೆದರೂ ನರಳುವ ಶೀಟಿನ ಮೇಲೆ ಸೋಲಾರ್ ಟ್ಯಾಂಕು ಕೂರಿಸುವುದೆಲ್ಲಿ? ಆದರೂ ಆಸೆ. ಅವರ ತಾರಸಿ ಹತ್ತಿ ನೋಡಿದೆ. ಸೋಲಾರಿನ ಗಾಜಿನ ಮೇಲೆ ಸಾಲಾಗಿ ಸಂಡಿಗೆ ಒಣಗುತ್ತಿತ್ತು.

"ನೀರು ಕಾಯಲ್ವಾ ಅಕ್ಕಾ?"

"ನೀರು ಬಂದ್ರೆ ತಾನೇ ಕಾಯೋದು? ಬಿಸಿಲು ದಿನಾ ಬರುತ್ತೆ, ನಲ್ಲಿ ನೀರು ವಾರಕ್ಕೊಂದ್ಸಲ."

ಒಂದು ಕವರ್ ತುಂಬ ಸಂಡಿಗೆ ಕೊಟ್ಟು ಕಳಿಸಿದರು. ಹೆಂಡತಿ ಅದನ್ನು ನೋಡಿ, "ಗೀಸರ್ ನೋಡ್ಕೊಂಡ್ ಬತ್ತೀನಿ ಅಂತ ಓಗಿದ್ದೋರು ತಂದಿದ್ದು ಇದಾ?" ಅಂದಳು. ರಾತ್ರಿಯ ಊಟಕ್ಕೆ ಕರಿದಳು. ಸೋಲಾರಿನಿಂದ ನಮ್ಮ ಮನೆಗೆ ಆದ ಉಪಕಾರ ಅದೊಂದೇ.

ಗ್ಯಾಸ್ ಗೀಸರ್

ಕೊನೆಗೆ ಅಂಗಡಿಯಲ್ಲಿದ್ದ ಗ್ಯಾಸ್ ಗೀಸರ್ ಹೊತ್ತು ತಂದೆ. ನಮ್ಮ ಬಚ್ಚಲು ಹಿತ್ತಿಲಿನದು. ಮೂರು ಕಡೆ ತಗಡು, ಒಂದು ಕಡೆ ಬಾಗಿಲಿರುವ ಗೋಡೆ, ಕಿಟಕಿ ಇಲ್ಲ. ನಾನು ಗೋಡೆಗೆ ಮೊಳೆ ಹುಡುಕುತ್ತಿರುವಾಗ ಅಪ್ಪ ಒಳಗೆ ಬಂದು ನಾಲ್ಕೂ ಮೂಲೆ ನೋಡಿದರು.

"ಗಾಳಿ ಎಲ್ಲಿಂದ ಬತ್ತದೆ?"

"ಬಾಗಿಲ ಸಂದಿಯಿಂದ."

"ಮುಚ್ಚಿದ್ ಜಾಗದಾಗೆ ಬೆಂಕಿ ಅಚ್ಚಿದ್ರೆ ಮನ್ಸನ್ ಗಾಳೀನ ಅದು ತಿಂತದೆ. ಗಣಿ ಕೆಳಗೆ ನೋಡಿವ್ನಿ ನಾನು. ಎರಡ್ನೇ ದಾರಿ ಎಲ್ಲೈತೆ?"

"ಬಚ್ಚಲಿಗೆ ಎರಡನೇ ದಾರಿ ಯಾಕಪ್ಪಾ?"

"ಎರಡ್ನೇ ದಾರಿ ಇಲ್ದೆ ಆಳು ಇಳೀಬಾರ್ದು. ಅದು ರೂಲು."

ನನಗೆ ನಾಚಿಕೆಯಾಯಿತು. ಗಿರಾಕಿಗಳಿಗೆಲ್ಲ 'ಮುಚ್ಚಿದ ಬಚ್ಚಲಿಗೆ ಗ್ಯಾಸ್ ಬೇಡ' ಎಂದು ಬುದ್ಧಿ ಹೇಳುವವನು, ಕರೆಂಟು ಉಳಿಯುತ್ತದೆಂದು ಹೆತ್ತಪ್ಪನಿಗೇ ಅದನ್ನು ಹಾಕಲು ಹೊರಟಿದ್ದೆ. ವಾಪಸ್ ಹೊತ್ತುಕೊಂಡು ಹೋದೆ. ಮರುದಿನ ಒಬ್ಬರು ಬಂದು ಗ್ಯಾಸ್ ಗೀಸರ್ ಕೇಳಿದರು. ನನ್ನ ಬಾಯಿಂದ ತಾನಾಗಿ ಬಂತು: "ನಿಮ್ಮ ಬಚ್ಚಲಿಗೆ ಎರಡನೇ ದಾರಿ ಇದೆಯಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಪಕ್ಕದ ಅಂಗಡಿಗೆ ಹೋದರು.

ಮೂರು ತಟ್ಟು

ಕಡೆಗೆ ತಂದದ್ದು ಐದು ಸ್ಟಾರಿನ ಕರೆಂಟು ಗೀಸರ್. ಟ್ಯಾಂಕಿನ ಸುತ್ತ ದಪ್ಪ ಫೋಮು, ಸ್ವಿಚ್ ಆರಿಸಿದ ಮೇಲೂ ನೀರು ಬಿಸಿ ಇರುತ್ತದೆ. ಅಪ್ಪ ನಂಬಲಿಲ್ಲ. "ಆರ್ಸಿದ್ಮೇಲೂ ಬಿಸಿ ಇರ್ತದಾ? ಯಾರ್ ಕಿವೀಗ್ಲಾ ಊವು ಮಡಗ್ತೀಯ?"

ಸ್ವಿಚ್ ಬಚ್ಚಲಿನ ಹೊರಗಿತ್ತು. ಗಣಿಯಲ್ಲಿ ಆಳುಗಳನ್ನು ಇಳಿಸಿ ಎತ್ತಲು ಗಂಟೆ ಹೊಡೆಯುವ ಪದ್ಧತಿಯಂತೆ ಅಪ್ಪ ನನಗೆ ಸಿಗ್ನಲ್ ಕಲಿಸಿದರು. "ಒಂದು ತಟ್ಟಿದ್ರೆ ಆರ್ಸು. ಮೂರು ತಟ್ಟಿದ್ರೆ ಮೇಲಕ್ ಬತ್ತಾ ಇವ್ನಿ ಅಂತ."

ಒಳಗೆ ಹೋಗಿ ಒಂದು ತಟ್ಟಿದರು. ಆರಿಸಿದೆ. ಮೂರಕ್ಕೆ ಕಾದೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಚೊಂಬಿನ ಸದ್ದೂ ನಿಂತಿತು. ಹೆಂಡತಿ ಸೌಟು ಹಿಡಿದೇ ಓಡಿ ಬಂದು, "ಮಾವಾ! ಮಾವಾ!" ಎಂದು ಕೂಗಿದಳು. ಡಾಕ್ಟರು ಹೊರಗೆ ಕರೆದದ್ದು ನೆನಪಾಗಿ ಬಾಗಿಲು ದೂಡಲು ಹೋದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅಪ್ಪ ಅದರ ಹಿಂದೆಯೇ ಬಿದ್ದಿದ್ದರೆ? ಹಿಂದುಗಡೆಗೆ ಓಡಿ ತಗಡಿಗೆ ಒದ್ದೆ. ತುಕ್ಕು ಹಿಡಿದ ತಗಡು ಹರಿದು, ನಾನೂ ಅದರ ಜೊತೆಗೆ ಒಳಗೆ ಬಿದ್ದೆ.

ಅಪ್ಪ ಸ್ಟೂಲಿನ ಮೇಲೆ, ಸೊಂಟಕ್ಕೆ ಟವೆಲ್ಲು, ಕೈಯಲ್ಲಿ ಚೊಂಬು, ಆರಾಮಾಗಿ ಕೂತಿದ್ದರು. ಕೆಮ್ಮಿರಲಿಲ್ಲ. ಮುಖ ಕೆಂಪಗಾಗಿತ್ತು.

"ಆರ್ಸಿ ಇಷ್ಟೊತ್ತಾಯ್ತು, ಇನ್ನೂ ಬಿಸಿ ಬತ್ತಾ ಐತಲ್ಲಾ! ಯಾವಾಗ ತಣ್ಣಗಾಯ್ತದೋ ನೋಡುವ ಅಂತ ಕುಂತಿವ್ನಿ."

ಒದ್ದೆ ನೆಲದ ಮೇಲೆ ಕೂತೇ ಅತ್ತುಬಿಟ್ಟೆ. "ಅವಳು ಕೂಗಿದ್ದು ಕೇಳಿಸಲಿಲ್ವಾ?"

"ಕೇಳುಸ್ತು. ಬಾಯಾಗೆ ಕೂಗಿದ್ರೆ ಲೆಕ್ಕಕ್ಕಿಲ್ಲ. ತಟ್ಟಬೇಕು."

"ನೀವಾದರೂ ಮೂರು ತಟ್ಟಬಾರದಿತ್ತಾ ಅಪ್ಪಾ?"

"ಮೂರು ಮೇಲಕ್ ಬರೋವಾಗ. ನಾನು ಬತ್ತಾ ಇರ್ನಿಲ್ವಲ್ಲಾ!"

ಆಮೇಲೆ ಹರಿದ ತಗಡಿನ ತೂತನ್ನು ನೋಡಿದರು. ಹೊರಗಿನ ಬಿಸಿಲು ಒಳಗೆ ಬರುತ್ತಿತ್ತು. ನನ್ನ ಮಂಡಿಯ ರಕ್ತವನ್ನು ಅರ್ಧ ಚೊಂಬು ಬಿಸಿನೀರು ಹಾಕಿ ತೊಳೆದು, ಸಮಾಧಾನದಿಂದ ಹೇಳಿದರು:

"ಓಗ್ಲಿ ಬುಡು. ಎರಡ್ನೇ ದಾರಿ ಆಯ್ತು. ಈಗ ಬೇಕಾದ್ರೆ ಗ್ಯಾಸಿಂದೇ ಆಕು."