ಬೇಲೀಫನಿಗೆ ಕಾಯದೆ ಕಲಿಸಿದವರು

ಕೋರ್ಟಿನ ಬೇಲೀಫ ಬಾಗಿಲಿಗೆ ಬಂದರೆ ಜನ ಗಾಬರಿಯಾಗುತ್ತಾರೆ ಎಂದು ನೀವು ತಿಳಿದಿರಬಹುದು. ಗಾಬರಿಯಾದವರೂ ಇದ್ದರು. ಆದರೆ ಕೊಲ್ಹಾಪುರ ಸಂಸ್ಥಾನದಲ್ಲಿ ನಾನು ಜಪ್ತಿ ವಾರಂಟು ಹಿಡಿದು ತಿರುಗಿದ ವರ್ಷಗಳಲ್ಲಿ, ನನಗೇ ಕಾಯದೆ ಹೇಳಿಕೊಟ್ಟು ಕಳಿಸಿದವರೇನೂ ಕಡಿಮೆ ಇರಲಿಲ್ಲ.

೧

ನೌಕರಿ ಹೊಸದು. ಇಚಲಕರಂಜಿಯ ಒಬ್ಬ ನೇಕಾರನ ಮನೆಗೆ ಹೋದೆ. ಜೊತೆಗೆ ಸಾಲ ಕೊಟ್ಟ ಸಾವಕಾರ. ಒಳಗೆ ಕಾಲಿಟ್ಟವನೇ, "ಜಪ್ತಿ ಯಾದ್ಯಾಗ ಮಗ್ಗ ಬರಕೋರಿ ಸಾಹೇಬ" ಎಂದ.

ನೇಕಾರ ಲಾಳಿ ನಿಲ್ಲಿಸಲಿಲ್ಲ. "ಮಗ್ಗ ನನ್ನ ಹತಾರ ರೀ. ದುಡದು ತಿನ್ನೂ ಹತಾರ ಜಪ್ತಿ ಮಾಡಾಕ ಬರಾಂಗಿಲ್ಲ."

ಮಾತು ಖರೆ. ನಾನು ತಲೆಯಾಡಿಸಿದೆ.

"ಹಂಗಾರ ಮಗ್ಗದ ಮ್ಯಾಲಿನ ಸೀರಿ ಬರಕೋರಿ!"

"ಸೀರಿ ನಂದಲ್ರಿ. ನೂಲು ಕೊಟ್ಟು, ಮಜೂರಿನೂ ಮೊದಲs ಕೊಟ್ಟು ಹೋಗ್ಯಾರ. ಈ ಸಾವಕಾರರ ಮನಿಯವರs."

ಸಾವಕಾರ ನನ್ನ ತೋಳು ಹಿಡಿದು ಬೀದಿಗೆ ಎಳೆದ. "ಚಲಾ ಸಾಹೇಬ, ಹೋಗೂಣು. ನಾ ಇಲ್ಲಿ ಬಂದಿದ್ದು ಮನ್ಯಾಗ ಗೊತ್ತಾಗೂದು ಬ್ಯಾಡ!"

೨

ಗಡಹಿಂಗ್ಲಜಕ್ಕೆ ವರ್ಗವಾದ ಮೇಲೆ ಮಹಾಗಾಂವದ ಜೈನರ ಒಂದು ಮನೆಗೆ ಹೋಗಬೇಕಾಯಿತು. ಗಂಡ ಯಾರಿಗೋ ಜಾಮೀನು ನಿಂತು ತೀರಿಕೊಂಡಿದ್ದ. ಹೊರೆ ಹೆಂಡತಿಯ ತಲೆಗೆ ಬಂದಿತ್ತು. ನಾನೂ ಸಾಲ ಕೊಟ್ಟ ಅಲ್ಲಿಯ ಸಾವಕಾರನೂ ಮುಟ್ಟುವಾಗ ಬಿಸಿಲು ಇಳಿದಿತ್ತು.

ಆಕೆ ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿದಳು. "ನಮ್ಮಲ್ಲಿ ಹೊತ್ತು ಮುಳುಗೂದ್ರೊಳಗ ಉಣಬೇಕ್ರಿ. ಮೊದಲ ಊಟ, ಆಮ್ಯಾಲೆ ಜಪ್ತಿ."

ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆಮೊಸರು. ಸಾವಕಾರನೇ ಐದು ರೊಟ್ಟಿ ತಿಂದ. ಕೈ ತೊಳೆದು ನಾನು ಹೊಸ್ತಿಲ ಕಡೆ ಹೊರಟರೆ ಆಕೆ ಬಾಗಿಲಿಗೆ ಅಡ್ಡ ನಿಂತಳು. "ಹೊತ್ತು ಮುಳುಗೇತ್ರಿ. ಇನ್ನ ನಮಗ ಊಟ ಇಲ್ಲ, ನಿಮಗ ಜಪ್ತಿ ಇಲ್ಲ."

ಕತ್ತಲಾದ ಮೇಲೆ ಜಪ್ತಿಗೆಂದು ಮನೆ ಹೊಗುವಂತಿಲ್ಲ. ಕಾಯದೆ ಹಾಗೇ ಇತ್ತು.

ಮರುದಿನ ನಾನು ಹೊರಡುವ ಮೊದಲೇ ಆಕೆ ಕೋರ್ಟಿಗೆ ಬಂದು ಪೂರ್ತಿ ಹಣ ಕಟ್ಟಿದಳು. ಬೆಲ್ಲ ಮಾರಿದ ರೊಕ್ಕ ರಾತ್ರಿ ಕೈಸೇರಿತ್ತಂತೆ.

"ಇದನ್ನ ನಿನ್ನೆ ಹೇಳಬಾರದಿತ್ತೇನವ್ವಾ?"

"ರೊಕ್ಕ ಬರತೈತಿ ಅಂದ್ರ ನಂಬತಿದ್ರೇನ್ರಿ? ರೊಟ್ಟಿ ಅಂದೆ, ಕುಂತ್ರಿ."

೩

ನೇಸರಿ ಕಡೆಯ ಒಂದು ಶಾಲೆಯ ಮಾಸ್ತರರ ಮೇಲೆ ಪಗಾರ ಜಪ್ತಿಯ ಹುಕುಂ ಆಯಿತು. ಅರ್ಧ ಪಗಾರ ಮುಟ್ಟುವಂತಿಲ್ಲ, ಉಳಿದರ್ಧವನ್ನು ಮುಖ್ಯಾಧ್ಯಾಪಕರು ತಿಂಗಳಾ ಹಿಡಿದು ಕೋರ್ಟಿಗೆ ಕಳಿಸಬೇಕು.

ಹೋಗಿ ನೋಡಿದರೆ ಶಾಲೆಗೆ ಇದ್ದದ್ದು ಒಬ್ಬರೇ. "ಮುಖ್ಯಾಧ್ಯಾಪಕರು ಎಲ್ಲಿ?" ಎಂದೆ.

"ನಾನs ರೀ."

"ಸಾಲಗಾರ ಮಾಸ್ತರು?"

"ಅಂವನೂ ನಾನs."

ಟೊಪ್ಪಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತು ಮುಖ್ಯಾಧ್ಯಾಪಕರಾಗಿ ಸಹಿ ಮಾಡಿದರು. ಟೊಪ್ಪಿಗೆ ತೆಗೆದು, ಎದುರಿಗೆ ಬಂದು ನಿಂತು ಮಾಸ್ತರರಾಗಿ ಮಾಡಿದರು.

ಕೇಳುವವರಿಲ್ಲದ ಊರು. ಒಂದೆರಡು ತಿಂಗಳು ತಪ್ಪಿಸಿದ್ದರೆ ಯಾರೂ ಅಷ್ಟು ದೂರ ವಸೂಲಿಗೆ ಹೋಗುತ್ತಿರಲಿಲ್ಲ. ಆ ಪುಣ್ಯಾತ್ಮ ಒಂದು ಸಲವೂ ತಪ್ಪಿಸಲಿಲ್ಲ. ಮಗಳ ಮದುವೆಯ ತಿಂಗಳಾದರೂ ಹಣ ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಬಂತು, ಜೊತೆಗೊಂದು ಪತ್ರ. ನ್ಯಾಯಾಧೀಶರು ನನ್ನಿಂದಲೇ ಓದಿಸಿದರು:

"ಸದರಿ ಮಾಸ್ತರರು ಮಗಳ ಮದುವೆಯ ಕಾರಣ ಹೇಳಿ, ಈ ತಿಂಗಳೊಂದು ಬಿಟ್ಟುಬಿಡಿರೆಂದು ಬಹಳ ಬೇಡಿಕೊಂಡರು. ನಾನು ಒಪ್ಪಲಿಲ್ಲ. ಅಂದಿನಿಂದ ಅವರು ನನ್ನ ಸಂಗಡ ಮಾತು ಬಿಟ್ಟಿದ್ದಾರೆ."