ಪ್ಲಾಸ್ಟಿಕ್ ಹುಳುವಿಗೆ ತಕ್ಕ ಕೋಲು

ಹೆಂಡತಿ: ಅಂದ್ರೆ ರಬ್ಬರ್ ಹುಳು ತೋರಿಸಿ ಮೀನಿಗೆ ಮೋಸ ಮಾಡ್ತೀರಿ. ಅಷ್ಟಕ್ಕೆ ಇಡೀ ಭಾನುವಾರ ಕೆರೆ ದಂಡೇಲಿ ಕೂರ್ತೀರಿ. ಬೇಡ ರೀ, ನಮಗ್ಯಾಕೆ ಈ ಉಸಾಬರಿ.

ಗಂಡ: ರಬ್ಬರ್ ಅಲ್ಲ ಕಣೇ, ಮೆತ್ತನೆ ಪ್ಲಾಸ್ಟಿಕ್. ತಿಳೀದೇ ಇರೋ ವಿಷಯದಲ್ಲಿ ಮೂಗು ತೂರಿಸಬೇಡ.

ಹೆಂಡತಿ: ಹೌದಲ್ಲ, ಮನೇಲಿ ಆ ಖಾತೆ ನಿಮ್ಮದು. ಮರೆತಿದ್ದೆ.

ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ, ಗಾಜಿನ ಕೌಂಟರಿನ ಮುಂದೆ, ಈ ಜಗಳ ಶುರುವಾಗಿ ಬಹಳ ಹೊತ್ತಾಗಿತ್ತು. ಗಂಡ ದೊಡ್ಡ ಗೋದಾಮಿನ ಮೇಲ್ವಿಚಾರಕನಾಗಿ ನಿವೃತ್ತನಾದವನು. ನಿವೃತ್ತಿಯ ಮರುದಿನವೇ ಅಡುಗೆಮನೆಯ ಅಧಿಕಾರ ವಹಿಸಿಕೊಂಡಿದ್ದ. ಮೊದಲು ಬಂದ ಸಕ್ಕರೆಯೇ ಮೊದಲು ಖರ್ಚಾಗಬೇಕೆಂದು ಡಬ್ಬಿಗಳನ್ನೆಲ್ಲ ಹಿಂದುಮುಂದು ಮಾಡಿ, ಉಪ್ಪನ್ನು ನಿಧಾನವಾಗಿ ಖರ್ಚಾಗುವ ಸರಕೆಂದು ಅಟ್ಟಕ್ಕೇರಿಸಿದ್ದ. ದಿನಾ ಉಪ್ಪಿಗಾಗಿ ಸ್ಟೂಲು ಹತ್ತಿ ಹತ್ತಿ ಹೆಂಡತಿಗೆ ಸಾಕುಸಾಕಾಗಿತ್ತು. ಪಕ್ಕದ ಮನೆಯವರು ‘ಭಾನುವಾರ ಕೆರೆಗೆ ಬನ್ನಿ, ಬಾಸ್ ಮೀನು ಹಿಡಿಯೋಣ’ ಎಂದು ಇವನನ್ನು ಕರೆದಾಗ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ವಾರಕ್ಕೊಂದು ದಿನವಾದರೂ ತನ್ನ ಅಡುಗೆಮನೆ ತನಗೆ ಸಿಗುತ್ತದಲ್ಲ. ಆದರೆ ಹೋಗಿ ಎಂದರೆ ಹೋಗುವ ಆಸಾಮಿ ಇವನಲ್ಲ, ಹೋಗಬೇಡಿ ಎನ್ನಬೇಕು. ಅದಕ್ಕಾಗಿಯೇ ಅವಳು ಅಂಗಡಿಗೆ ಜೊತೆಯಲ್ಲಿ ಬಂದಿದ್ದಳು. ಪಾಪ, ಅಂಗಡಿಯವನಿಗೆ ಇದೊಂದೂ ಗೊತ್ತಿರಲಿಲ್ಲ.

ಗಂಡ: ಇರೋದ್ರಲ್ಲೇ ದಪ್ಪನೆ ಗಾಳದ ಕೋಲು ಕೊಡಿ. ಗೋದಾಮಿಗೆ ನಾನು ಯಾವತ್ತೂ ತೆಳ್ಳಗಿನ ಮಾಲು ಇಳಿಸಿಕೊಂಡವನಲ್ಲ.

ಅಂಗಡಿಯವ: ಸಾರ್, ಅದು ಸಮುದ್ರದ ಮೀನಿಗೆ. ಮೆತ್ತನೆ ಹುಳುವಿಗೆ ತುದಿ ಸೂಕ್ಷ್ಮವಾಗಿರೋ ಕೋಲೇ ಆಗಬೇಕು. ಮೀನು ಹುಳೂನ ಬಾಯಿಗೆ ಹಾಕ್ಕೊಂಡಾಗ ಸಣ್ಣಗೆ ಟಕ್ ಅನ್ನುತ್ತೆ. ಅದು ಕೈಗೆ ತಿಳೀಬೇಕು.

ಹೆಂಡತಿ: ಇವರ ಕೈಗೆ ತಿಳಿಯೋದಾ? ಪಕ್ಕದಲ್ಲೇ ಹಾಲು ಉಕ್ಕುತ್ತಿದ್ರೂ, ಹಾಲು ಕಾಯಿಸೋದು ಹೇಗೆ ಅಂತ ನನಗೆ ಪಾಠ ಮಾಡ್ತಾ ನಿಂತಿರ್ತಾರೆ.

ಗಂಡ: ಅದು ಬೇರೆ ವಿಷಯ. ಕೊಡಿ ಸ್ವಾಮಿ, ಆ ಸೂಕ್ಷ್ಮದ್ದನ್ನೇ ಕೊಡಿ.

ಅಂಗಡಿಯವ ಒಂದು ಕೊಕ್ಕೆಯನ್ನು ಕಂದು ಬಣ್ಣದ ಹುಳುವಿನ ತಲೆಯಲ್ಲಿ ತೂರಿಸಿ, ತಿರುಗಿಸಿ, ತುದಿಯನ್ನು ಅದರ ಮೈಯೊಳಗೇ ಮುಚ್ಚಿಟ್ಟು ತೋರಿಸಿದ.

ಅಂಗಡಿಯವ: ನೋಡಿ, ಕೊಕ್ಕೆ ಇರೋದೇ ಗೊತ್ತಾಗಲ್ಲ. ಜೊಂಡಿಗೂ ಸಿಕ್ಕಿಕೊಳ್ಳಲ್ಲ. ಮುಂದೆ ಒಂದು ಸಣ್ಣ ಸೀಸದ ಗುಂಡು. ನಿಧಾನಕ್ಕೆ ಇಳಿಬಿಡಬೇಕು, ಒಂಚೂರು ಅಲ್ಲಾಡಿಸಬೇಕು, ಆಮೇಲೆ ಸುಮ್ಮನಿರಬೇಕು. ಆತುರ ಬಿದ್ರೆ ಕೆಟ್ಟಿತು.

ಹೆಂಡತಿ: ಅದು ನನಗೆ ಗೊತ್ತು.

ಅಂಗಡಿಯವ: ಅಮ್ಮಾ, ನೀವೂ ಮೀನು ಹಿಡಿದಿದ್ದೀರಾ?

ಹೆಂಡತಿ: ಒಂದೇ ಒಂದು. ಮೂವತ್ತು ವರ್ಷ ಆಯ್ತು, ಇನ್ನೂ ಬುಟ್ಟೀಲಿ ಕೂತು ಬುದ್ಧಿ ಹೇಳ್ತಿದೆ.

ಗಂಡನಿಗೆ ಇದು ಕೇಳಿಸಲಿಲ್ಲ. ಗೋಡೆಗೆ ತೂಗುಬಿಟ್ಟಿದ್ದ ಹುಳುವಿನ ಪೊಟ್ಟಣಗಳ ಮುಂದೆ ಅವನು ಕೈಕಟ್ಟಿ ನಿಂತುಬಿಟ್ಟಿದ್ದ.

ಗಂಡ: ಈ ಹುಳು ಎಷ್ಟು ದಿನಕ್ಕೆ ಕೆಡುತ್ತೆ?

ಅಂಗಡಿಯವ: ಪ್ಲಾಸ್ಟಿಕ್ ಸಾರ್. ನಮ್ಮನ್ನೆಲ್ಲ ಮಣ್ಣು ಮಾಡಿದ ಮೇಲೂ ಹೀಗೇ ಇರುತ್ತೆ.

ಗಂಡ: ಇರಲಿ, ಶಿಸ್ತು ಅಂತ ಒಂದಿದೆ. ಹಳೇದು ಮುಂದೆ, ಹೊಸದು ಹಿಂದೆ. ಇದನ್ನ ಯಾರು ಜೋಡಿಸಿದ್ದು?

ಅಂಗಡಿಯವ: ನಾನೇ.

ಗಂಡ: ಹಾಗೇ ಕಾಣುತ್ತೆ.

ಎಂದವನೇ ಪೊಟ್ಟಣಗಳನ್ನು ಒಂದೊಂದಾಗಿ ಕಳಚತೊಡಗಿದ. ಅಂಗಡಿಯವನ ಮುಖ ಸಪ್ಪಗಾಯಿತು. ವ್ಯಾಪಾರ ಹಾಳಾಗಲಿ, ಈ ಮನುಷ್ಯ ಹೊರಗೆ ಹೋದರೆ ಸಾಕು ಎನ್ನಿಸಿತವನಿಗೆ.

ಅಂಗಡಿಯವ: ಸಾರ್, ಅಮ್ಮ ಹೇಳೋದರಲ್ಲೂ ಅರ್ಥ ಇದೆ. ಈ ವಯಸ್ಸಲ್ಲಿ ಬಿಸಿಲು, ಕೆಸರು... ಸುಮ್ಮನೆ ಮನೇಲಿ ಆರಾಮಾಗಿ ಇರಬಾರದಾ?

ಗಂಡ: ಹೌದಾ? ಮಂಡಿನೋವು ಬೇರೆ. ಸರಿ ಕಣೇ, ನೀನು ಹೇಳಿದ್ದೇ ಸರಿ. ನಡಿ ಮನೆಗೆ. ಮಸಾಲೆ ಡಬ್ಬಿಗಳ ಕೆಲಸ ಹಾಗೇ ಉಳಿದಿದೆ.

ಹೆಂಡತಿಯ ಲೆಕ್ಕವೆಲ್ಲ ತಲೆಕೆಳಗಾಯಿತು. ‘ನೀನು ಹೇಳಿದ್ದೇ ಸರಿ’ ಎಂಬ ಮಾತು ಅವನ ಬಾಯಿಂದ ಬರಲೆಂದು ಮದುವೆಯಾದಾಗಿನಿಂದ ಕಾದಿದ್ದಳು. ಬರಬಾರದ ಹೊತ್ತು ನೋಡಿಕೊಂಡು ಬಂದಿತ್ತು ಹಾಳಾದ್ದು. ಅವಳು ಅಂಗಡಿಯವನ ಮೇಲೆ ತಿರುಗಿಬಿದ್ದಳು.

ಹೆಂಡತಿ: ಏನ್ರೀ ಅಂದ್ರಿ? ನಮ್ಮನೆಯವರಿಗೆ ವಯಸ್ಸಾಯ್ತು ಅನ್ನೋಕೆ ನೀವ್ಯಾರು?

ಅಂಗಡಿಯವ: ಅಮ್ಮಾ, ಇಷ್ಟು ಹೊತ್ತು ನೀವೇ ಬೇಡ ಬೇಡ ಅಂತಿದ್ರಿ.

ಹೆಂಡತಿ: ನಾನು ಹೆಂಡತಿ, ಏನು ಬೇಕಾದ್ರೂ ಅಂತೀನಿ. ನೀವು ವ್ಯಾಪಾರ ಮಾಡೋರು, ವ್ಯಾಪಾರ ಮಾಡಿ.

ಗಂಡ: ತಾಳು ತಾಳು. ಹಾಗಾದ್ರೆ ನಾನು ಹೋಗಲಿ ಅಂತೀಯಾ?

ಅವನ ದನಿಯಲ್ಲಿ ಅನುಮಾನ ಇಣುಕಿತ್ತು. ಹೆಂಡತಿ ದಾರ ಸಡಿಲಬಿಟ್ಟಳು.

ಹೆಂಡತಿ: ಹೋಗಲಿ ಅಂದ್ನಾ? ಬೇಡವೇ ಬೇಡ. ನಿಮ್ಮ ಕೈಗೆ ಒಂದು ಮೀನೂ ಸಿಗಲ್ಲ ಅಂತ ಪಕ್ಕದ ಮನೆಯವರು ಹೇಗೂ ನಗ್ತಿದ್ದಾರೆ. ಹೋಗಿ ಇನ್ನಷ್ಟು ಯಾಕೆ ನಗಿಸ್ತೀರಿ?

ಗಂಡ: ನಗ್ತಿದ್ದಾರಾ?

ಹೆಂಡತಿ: ನಾನೇನೂ ಹೇಳಿಲ್ಲಪ್ಪ.

ಗಂಡ: ಕಟ್ಟಿ ಸ್ವಾಮಿ. ಕೋಲು, ರೀಲು, ದಾರ, ಕೊಕ್ಕೆ, ಎಲ್ಲಾ ಬಣ್ಣದ ಹುಳು. ಇನ್ನು ಮೇಲೆ ಪ್ರತಿ ಭಾನುವಾರ ನಾನು ಕೆರೇಲೇ. ನೀನು ಅತ್ತರೂ ಸರಿ, ಕರೆದರೂ ಸರಿ.

ಅಂಗಡಿಯವ ಅವಳ ಮುಖ ನೋಡಿದ. ಕೈಯಲ್ಲಿದ್ದ ಹುಳು ನೋಡಿದ. ಒಳಗೆ ಅಡಗಿದ್ದ ಕೊಕ್ಕೆಯನ್ನು ಬೆರಳಲ್ಲಿ ಒತ್ತಿ ನೋಡಿದ. ತಲೆ ತಗ್ಗಿಸಿ ಕಟ್ಟತೊಡಗಿದ. ಹೆಂಡತಿ ದುಃಖದ ಮುಖ ಮಾಡಿಕೊಂಡು ಒಳಗೊಳಗೇ ಹಿಗ್ಗಿದಳು. ಭಾನುವಾರ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಮನಸ್ಸಿಗೆ ಬಂದಲ್ಲಿ ಇಡಬೇಕು. ಚಹಾ ಮಾಡಿಕೊಂಡು, ಬೇಕೆಂದೇ ಚಮಚೆಯನ್ನು ತಪ್ಪು ಜಾಗದಲ್ಲಿ ಹಾಕಬೇಕು.

ಗಂಡ: ಕೋಲು ಎರಡು ಹಾಕಿ.

ಅಂಗಡಿಯವ: ಎರಡ್ಯಾಕೆ ಸಾರ್?

ಗಂಡ: ಸ್ಪೇರ್ ಇಲ್ಲದ ಮಾಲು ನನ್ನ ಗೋದಾಮಿನಲ್ಲಿ ಒಂದೂ ಇರಲಿಲ್ಲ.

ಹೆಂಡತಿ: ಹಾಕಿ ಹಾಕಿ. ಬೇಕಾದ್ರೆ ಮೂರು ಹಾಕಿ.

ಗಂಡ: ಎರಡು ಸಾಕು. ಆದ್ರೆ ಸ್ಪೇರ್ ಸುಮ್ಮನೆ ಬಿದ್ದಿರಬಾರದು, ಬಳಕೇಲಿರಬೇಕು. ಅದನ್ನ ನೀನು ಹಿಡ್ಕೊ.

ಹೆಂಡತಿ: ಯಾರು?

ಗಂಡ: ನೀನೇ ಕಣೇ. ಪ್ರತಿ ಭಾನುವಾರ, ಬೆಳಗ್ಗೆಯಿಂದ ಸಂಜೆವರೆಗೆ. ನಿನ್ನನ್ನ ಬಿಟ್ಟು ಇಡೀ ದಿನ ಅಲ್ಲಿ ಕೂತರೆ, ನಾನು ಯಾರಿಗೆ ಹೇಳಿಕೊಡಲಿ?

ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳಿಲ್ಲದ ಒಂದು ಭಾನುವಾರವನ್ನು ಅವನು ಎಣಿಸಿಯೇ ಇರಲಿಲ್ಲ. ಹೆಂಡತಿಗೆ ಸಿಟ್ಟು ಬಂತು, ಅಳು ಬಂತು, ಜೊತೆಗೆ ಹಾಳು ಪ್ರೀತಿಯೂ ಬಂತು. ಅಂಗಡಿಯವ ತುಟಿ ಕಚ್ಚಿ ನಗು ತಡೆದುಕೊಂಡು, ತುಂಬ ವಿನಯದಿಂದ ಕೇಳಿದ.

ಅಂಗಡಿಯವ: ಅಮ್ಮಾ, ನಿಮ್ಮ ಕೋಲಿಗೆ ಯಾವ ಬಣ್ಣದ ಹುಳು ಕೊಡಲಿ?

ಹೆಂಡತಿ: ಯಾವುದಾದ್ರೂ ಕೊಡಿ ಮಹರಾಯರೇ. ಈಗ ನಾನೇ ಒಂದು ಹುಳು ನುಂಗಿದ್ನಲ್ಲ, ಅದರ ಬಣ್ಣ ನೋಡೋಕೂ ಪುರುಸೊತ್ತಾಗಲಿಲ್ಲ.